ಎರಡು ಒಲೆಯ ಕ್ರಿಸ್ಮಸ್

ಹಬ್ಬ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗಲೇಬೇಕು. ಆಗಲಿಲ್ಲವೆಂದರೆ ಹಬ್ಬ ಇನ್ನೂ ಮುಗಿದಿಲ್ಲ ಎಂದು ನಾವೇ ತಿಳಿದುಕೊಳ್ಳುತ್ತಿದ್ದೆವು. ಇದೆಲ್ಲ ನಿಜಾಮರ ರಾಜ್ಯ ಇದ್ದಾಗಿನ ಮಾತು. ನಾನು ತಾಂಡೂರಿನ ಹುಡುಗಿ, ನಾರಾಯಣಖೇಡಕ್ಕೆ ಸೊಸೆಯಾಗಿ ಬಂದವಳು. ತವರಿನಲ್ಲಿ ಅಜ್ಜನ ಕಾಲದಿಂದಲೂ ನಾವು ಕ್ರೈಸ್ತರು. ಅಲ್ಲಿ ಒಬ್ಬನೇ ದೇವರು, ಒಂದೇ ಒಲೆ, ಉಣ್ಣುವುದಕ್ಕೆ ಒಂದೇ ಸಾಲು. ಎಲ್ಲರ ಮನೆಯೂ ಹೀಗೇ ಇರುತ್ತದೆಂದು ನಂಬಿಕೊಂಡು ಬಂದಿದ್ದೆ.

ಇಲ್ಲಿ ನೋಡಿದರೆ ಕಥೆಯೇ ಬೇರೆ. ಮಾವ ಮಿಷನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ನಡುವಯಸ್ಸಿನಲ್ಲಿ ಮಗನನ್ನೂ ಕರೆದುಕೊಂಡು ಹೋಗಿ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದರು. ಅತ್ತೆಯನ್ನೂ ಕರೆದರಂತೆ. ಅತ್ತೆ ಕೊರಳಲ್ಲಿದ್ದ ಲಿಂಗದ ಕರಡಿಗೆ ಹಿಡಿದುಕೊಂಡು, “ನಿಮ್ಮ ದೇವ್ರು ಭಾಳ ಒಳ್ಳೆಯಾಂವ ಇರಬೇಕ್ರಿ, ಹೋಗ್ರಿ. ನನ್ನ ಕೊಳ್ಳಾಗ ಒಬ್ಬಾಂವ ಅದಾನ. ಸಣ್ಣಾಕಿ ಇದ್ದಾಗಿಂದ ಇದ್ದಾಂವ. ಈಗ ಅವನ್ನ ಎಲ್ಲಿ ಬಿಟ್ಟು ಬರ್ಲಿ?” ಅಂದರಂತೆ. ಅಲ್ಲಿಗೆ ಆ ಮಾತು ಮುಗಿಯಿತು, ಜಗಳ ಮಾತ್ರ ಶುರುವಾಯಿತು.

ಜಗಳ ಕ್ರಿಸ್ಮಸ್ ಬೇಕೋ ಬೇಡವೋ ಎಂದಲ್ಲ. ಅತ್ತೆಗೆ ಕ್ರಿಸ್ಮಸ್ ಬೇಕೇ ಬೇಕು. ಒಂದು ಕೂಸು ಹುಟ್ಟಿದೆ ಎಂದಮೇಲೆ ಯಾವ ಹೆಂಗಸು ಸುಮ್ಮನೆ ಕೂಡುತ್ತಾಳೆ? ಆದರೆ ಕೂಸು ಹುಟ್ಟಿದ ಮನೆಯಲ್ಲಿ ಏನೇನು ಮಾಡಬೇಕು ಎಂಬುದು ತನಗೆ ಗೊತ್ತು, ಕಂಪೌಂಡರರಿಗೆ ಗೊತ್ತಿಲ್ಲ ಎಂಬುದು ಅವರ ವಾದ. ಇನ್ನು ಊಟದ ಸಮಸ್ಯೆ. ಮಾವ ಹಬ್ಬದ ದಿನ ಮಾಂಸ ತಿನ್ನದಿದ್ದರೆ ಹಳೆಯ ಜಾತಿ ಬಿಟ್ಟಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ ಎಂದು ಮಾಂಸ ಮಾಡಿಸುವರು. ಅತ್ತೆ ಆ ವಾಸನೆ ಬಂದ ಕಡೆ ಕೂಡುವವರಲ್ಲ. ಹಾಗಾಗಿ ಪಡಸಾಲೆಯಲ್ಲಿ ಅಪ್ಪ-ಮಗನಿಗೆ ಒಂದು ಒಲೆಯ ಅಡುಗೆ, ಹಿತ್ತಲ ಕಡೆ ಅತ್ತೆಗೆ ಇನ್ನೊಂದು ಒಲೆಯ ಹೋಳಿಗೆ.

ಮೊದಲ ಕ್ರಿಸ್ಮಸ್ಸಿನಲ್ಲಿ ನಾನು ಎರಡೂ ಕಡೆ ಓಡಾಡಿ ಬಡಿಸಿದೆ. ಎಲ್ಲರೂ ಕೈತೊಳೆದು ಎದ್ದ ಮೇಲೆ ಎರಡು ಒಲೆಗಳ ನಡುವೆ ಒಬ್ಬಳೇ ಕೂತು ಉಂಡೆ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಅತ್ತಿದ್ದು ಅದೇ ಮೊದಲು. ಒಂದು ವರ್ಷವಾದರೂ ಇವರೆಲ್ಲ ಕ್ರಿಸ್ಮಸ್ಸಿಗೆ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು, ಆ ಸಾಲಿನಲ್ಲಿ ನನ್ನದೂ ಒಂದು ತಾಟು ಇರಬೇಕು ಎಂದು ಅವತ್ತೇ ಹಟ ಹಿಡಿದೆ. ಆ ಹಟ ಈಡೇರುವ ಮುಂಚೆ ನಡೆದದ್ದನ್ನು ಮೊದಲು ಹೇಳುತ್ತೇನೆ.

ಯಾವ ನಕ್ಷತ್ರ?

ಅತ್ತೆಯ ಮೊದಲ ತಕರಾರು ಹಬ್ಬದ ದಿನದ ಮೇಲೆಯೇ.

“ಹುಟ್ಟಿದ ಹಬ್ಬ ತಾರೀಖಿನ ಮ್ಯಾಲ ಮಾಡ್ತಾರೇನ್ರಿ? ತಾರೀಖು ಅಂದ್ರ ಕಚೇರ್ಯಾಗ ಹಾಜರಿ ಹಾಕೋದಕ್ಕ. ಕೂಸಿನ ತಿಥಿ ಯಾವುದು?”

“ಅವನಿಗೆ ತಿಥಿ-ಗಿಥಿ ಇಲ್ಲ,” ಎಂದರು ಮಾವ.

“ತಿಥಿ ಇಲ್ಲದ ಕೂಸು ಎಲ್ಲಿ ಹುಟ್ಟತದರೀ? ಹೋಗ್ಲಿ, ನಕ್ಷತ್ರ ಯಾವುದು?”

ಮಾವ ಇದಕ್ಕೇ ಕಾದಿದ್ದವರಂತೆ ಎದೆ ಉಬ್ಬಿಸಿದರು. “ನಕ್ಷತ್ರಾನಾ? ಅವ ಹುಟ್ಟಿದಾಗ ನಕ್ಷತ್ರಾನೇ ಬಂದು ಮನಿ ಮ್ಯಾಲ ನಿಂತಿತ್ತು!”

“ಅದೇ ಕೇಳಾಕತ್ತೀನಿ. ಬಂದು ನಿಂತಿದ್ದು ರೋಹಿಣಿನೋ, ಕೃತ್ತಿಕಾನೋ?”

ಅಷ್ಟು ವರ್ಷ ಸತ್ಯವೇದ ಓದಿದ ಮಾವನಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. ಅದರಲ್ಲಿ ಬರೆದಿಲ್ಲ ಎಂದು ಗೊತ್ತಾದ ಮೇಲೆ ಪುಸ್ತಕವನ್ನು ಅತ್ತೆಯ ಕೈಗೆ ಎಟುಕದ ಗೂಡಿನಲ್ಲಿ ಎತ್ತಿಟ್ಟರು.

ಅದೇ ವರ್ಷ ನಮ್ಮ ಮನೆಯವರು ರಜೆ ಕೇಳಲು ಹೋದರು. ಅವರು ಸರ್ಕಾರಿ ಶಾಲೆಯಲ್ಲಿ, ಆಗ ಮದರಸೆ ಎನ್ನುತ್ತಿದ್ದರು, ಮಾಸ್ತರು. ಆಗ ವಾರದ ರಜೆ ಶುಕ್ರವಾರ, ಭಾನುವಾರ ಪಾಠ. ಹಬ್ಬದ ಹಿಂದಿನ ದಿನವೂ ರಜೆ ಕೊಟ್ಟರೆ ನನ್ನನ್ನು ತಾಂಡೂರಿಗೆ ಕರೆದುಕೊಂಡು ಹೋಗಬೇಕೆಂದಿದ್ದರು. ದೊಡ್ಡ ಮಾಸ್ತರು ಹೈದರಾಬಾದ್ ಕಡೆಯ ಸಾಹೇಬರು, ಬಲು ಸಂಭಾವಿತರು. ಇವರು ಹಬ್ಬಕ್ಕೆ ಉರ್ದುವಿನಲ್ಲಿ ಈದ್ ಎಂದ ಕೂಡಲೇ ಮುಖ ಅರಳಿಸಿ ಕೇಳಿದರಂತೆ:

“ಚಾಂದ್ ದಿಖಾ ಕ್ಯಾ?”

ಚಂದ್ರ ಕಂಡನೇ ಎಂದು. ನಮ್ಮ ಮನೆಯವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೈಕಟ್ಟಿಕೊಂಡು ನಿಂತು, ನಮ್ಮ ಹಬ್ಬಕ್ಕೆ ಚಂದ್ರ ನೋಡುವುದಿಲ್ಲ ಸಾಹೇಬರೇ, ನಕ್ಷತ್ರ ನೋಡುವುದು, ಎಂದರು.

ಸಾಹೇಬರು, ಪಾಪ, ಮೃದುವಾಗಿಯೇ ಹೇಳಿದರಂತೆ: “ತಾರಾ ತೋ ರೋಜ್ ದಿಖತಾ ಮಿಯಾಂ! ರೋಜ್ ಛುಟ್ಟಿ ದೇವುಂ ಕ್ಯಾ?” ನಕ್ಷತ್ರ ದಿನಾ ಕಾಣುತ್ತದಲ್ಲ, ದಿನಾ ರಜೆ ಕೊಡಲೇ ಎಂದು.

ಸ್ವಾಮಿಗಳು ಹುಟ್ಟಿದ ಬೆಳಗು

ಹಬ್ಬದ ಬೆಳಗಿನ ಜಾವ ಹಾಡುತ್ತ ಓಣಿ ಓಣಿ ಸುತ್ತುವುದು ನಮ್ಮವರಲ್ಲಿ ಪದ್ಧತಿ. ನಮ್ಮ ತಾಂಡೂರಿನಲ್ಲಿ ತಾಳ, ದಮ್ಮಡಿ ಹಿಡಿದುಕೊಂಡು ಕುಣಿದುಕೊಂಡೇ ಹೋಗುತ್ತಿದ್ದರು. ಮಾವನಿಗೆ ಅದು ಸೇರದು. ಅವರು ದವಾಖಾನೆಯ ದೊರೆಸಾನಿಯ ಹತ್ತಿರ ಹಾಡು ಕಲಿತವರು. ಆಕೆ ಹೇಗೆ ಎಳೆದು ಎಳೆದು ಹಾಡುತ್ತಿದ್ದಳೋ ಹಾಗೆಯೇ ಹಾಡಬೇಕು, ತಲೆ ತಗ್ಗಿಸಿರಬೇಕು, ನಡಿಗೆ ನಿಧಾನ ಇರಬೇಕು.

“ತಾಳ ಇಲ್ಲದ ಭಜನಿ ಉಪ್ಪಿಲ್ಲದ ಸಾರು ಆತಲ್ರಿ,” ಎಂದರು ಅತ್ತೆ.

“ಇದು ಭಜನಿ ಅಲ್ಲ, ಆರಾಧನಿ. ನೀ ಸುಮ್ಕಿರು.”

ಊರಲ್ಲಿ ಆಗ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಗಂಡಸರೆಲ್ಲ ಬಿಳಿ ಪಂಚೆ, ಬಿಳಿ ಅಂಗಿ. ಚಳಿಗೆ ತಲೆಯ ಮೇಲೆ ಬಿಳಿ ಟವೆಲು. ಮುಂದೆ ಕಂದೀಲು ಹಿಡಿದುಕೊಂಡು ಮಾವ. ಹಿಂದೆ ನಾವು ಹೆಂಗಸರು ಮೂಗಿನವರೆಗೆ ಸೆರಗು ಎಳೆದುಕೊಂಡು. ಮಂಜು ಬೇರೆ ಕವಿದಿತ್ತು. ಮಾವ ಎಳೆದರು, ನಾವೂ ಎಳೆದೆವು. ಮೊದಲ ಓಣಿ ದಾಟುವಷ್ಟರಲ್ಲಿ ಹಿಂದೆ ಹತ್ತಾರು ಜನ ಸೇರಿಕೊಂಡರು. ಮಾವ ತಿರುಗಿ ನೋಡಿ, ಹಾಡಿಗೆ ಮನಸೋತು ಬಂದರೆಂದು ಖುಷಿಯಿಂದ ಇನ್ನಷ್ಟು ಎಳೆದರು. ಎರಡನೆಯ ಓಣಿಯಲ್ಲಿ ಗಾಣದವರ ಮನೆಯ ಮುದುಕಿ ಹೊರಗೆ ಬಂದವಳೇ ಎದೆ ಬಡಿದುಕೊಂಡು ಅಳುತ್ತ ನನ್ನ ಕೊರಳಿಗೆ ಬಿದ್ದಳು. ನನಗೂ ಗಾಬರಿಯಾಗಿ ಅಳು ಬಂತು.

ಕೊನೆಗೆ ಪೊಲೀಸ್ ಪಟೇಲರೇ ಹೆಗಲ ಮೇಲೆ ಟವೆಲು ಹಾಕಿಕೊಂಡು, ಚಪ್ಪಲಿ ಬಿಟ್ಟು ಬಂದು ಮಾವನ ಪಕ್ಕ ನಿಂತರು. ಮೆಲ್ಲಗೆ ಕೇಳಿದರು:

“ಕಂಪೌಂಡರ್ ಸಾಬ್ರ, ಯಾರು ಹ್ವಾದರ್ರಿ? ನಮಗ ಹೇಳೇ ಕಳಿಸಿಲ್ಲಲ್ಲ.”

“ಯಾರೂ ಹೋಗಿಲ್ರಿ ಪಟೇಲ್ರ!” ಮಾವನಿಗೆ ಸಿಟ್ಟು ಬಂತು. “ಸ್ವಾಮಿ ಹುಟ್ಟ್ಯಾನ!”

ಪಟೇಲರು ಮಾವನನ್ನು ನೋಡಿದರು, ನಮ್ಮನ್ನು ನೋಡಿದರು, ಇನ್ನೂ ಬಿಕ್ಕುತ್ತಿದ್ದ ಗಾಣದ ಮುದುಕಿಯನ್ನು ನೋಡಿದರು.

“ಹುಟ್ಟ್ಯಾನ? ಹುಟ್ಟಿದ್ದಕ್ಕ ಹಿಂಗ್ಯಾಕ ಅಳತೀರಿ?”

ಮರುವರ್ಷ ಮಾವನೇ ಬಾಯಿಬಿಟ್ಟು ಅತ್ತೆಯ ಹತ್ತಿರ ತಾಳ ಕೇಳಿದರು. ಅತ್ತೆ ತಾಳ ಕೊಟ್ಟರು, “ನಿಧಾನಕ್ಕ ಬಡೀರಿ, ಹೆಣ ಎದ್ದೀತು,” ಅಂತ ಬೇರೆ ಅಂದರು.

ಬಾಣಂತಿ ಉಂಡೆ

ಒಂದು ಸಂಜೆ ಮಾವ ನಮ್ಮನ್ನೆಲ್ಲ ಕೂಡಿಸಿಕೊಂಡು ಸ್ವಾಮಿ ಹುಟ್ಟಿದ ಅಧ್ಯಾಯ ಓದಿದರು. ಅತ್ತೆ ಬಾಗಿಲ ಆಚೆ ಕೂತು ಬತ್ತಿ ಹೊಸೆಯುತ್ತ ಕೇಳಿಸಿಕೊಂಡರು. ಕೊಟ್ಟಿಗೆಯಲ್ಲಿ ಹೆರಿಗೆ ಆಯಿತು ಎಂಬಲ್ಲಿಗೆ ಬಂದಾಗ ಅತ್ತೆಯ ಕೈ ನಿಂತಿತು.

“ಕೊಟಿಗ್ಯಾಗ? ಇಂಥ ಚಳಿಯಾಗ?”

“ಹೂಂ.”

“ಸೂಲಗಿತ್ತಿ ಯಾರು ಬಂದಿದ್ರು?”

“ಯಾರೂ ಇಲ್ಲ. ದೇವದೂತರು ಇದ್ರು.”

“ದೇವದೂತರು ಹೊಟ್ಟಿ ಕಟ್ಟತಾರೇನ್ರಿ?” ಅತ್ತೆಗೆ ನಿಜವಾಗಿಯೂ ಸಂಕಟವಾಗಿತ್ತು. “ಅವರವ್ವ ಇಲ್ಲ, ಅತ್ತಿ ಇಲ್ಲ. ಆಕಿಗೆ ಬಾಣಂತಿ ಖಾರ ಯಾರು ಕೊಟ್ರು? ಅಂಟಿನ ಉಂಡಿ ಯಾರು ಕಟ್ಟಿದ್ರು?”

ಮಾವ ಮುಂದಕ್ಕೆ ಓದಿದರು. ಜ್ಞಾನಿಗಳು ಬಂದು ಬಂಗಾರ, ಧೂಪ, ರಕ್ತಬೋಳ ಕೊಟ್ಟರು ಎಂಬುದನ್ನು ಕೇಳಿ ಅತ್ತೆ, “ಗಂಡಸ್ರು! ಹಡೆದಾಕಿ ಮನಿಗೆ ಹೋಗೋ ಮುಂದ ಒಂದು ಸೇರು ತುಪ್ಪ ಒಯ್ಯಬೇಕು ಅನ್ನೋ ಬುದ್ಧಿ ಒಬ್ಬನಿಗೂ ಇಲ್ಲ,” ಎಂದು ಎದ್ದು ಹೋದರು.

ಮರುದಿನವೇ ಅಂಟು, ಒಣಕೊಬ್ಬರಿ, ಖಾರಿಕ್, ಗಸಗಸೆ, ತುಪ್ಪ ಎಲ್ಲ ಹೊರಗೆ ಬಂತು. ಮನೆಯಲ್ಲಿ ಬಾಣಂತಿ ಇಲ್ಲದೆ ಬಾಣಂತಿ ಉಂಡೆ ಕಟ್ಟುವುದನ್ನು ಊರು ಮೊದಲ ಬಾರಿ ನೋಡಿತು. ಮಾವನಿಗೆ ತಲೆಬಿಸಿ.

“ಆಕಿ ಹಡೆದು ಎರಡು ಸಾವಿರ ವರ್ಷ ಆತು!”

“ಎರಡು ಸಾವಿರ ವರ್ಷದಾಗ ಒಬ್ರೂ ಒಂದು ಉಂಡಿ ಕೊಟ್ಟಿಲ್ಲಂದ್ರ ನಾನರೆ ಕೊಡಬ್ಯಾಡೇನು?”

ಉಂಡೆಗಳು ದೊಡ್ಡ ಡಬ್ಬಿಯಲ್ಲಿ ಮರಿಯಮ್ಮನ ಹೆಸರಿನಲ್ಲಿ ಗೂಡಿಗೆ ಏರಿದವು. ಯಾರೂ ಮುಟ್ಟಬಾರದು ಎಂದು ಅತ್ತೆಯ ಅಪ್ಪಣೆ. ಇದು ಶುದ್ಧ ಮೂಢನಂಬಿಕೆ, ನಾನಂತೂ ಅದರ ಕಡೆ ನೋಡುವುದೂ ಇಲ್ಲ ಎಂದು ಮಾವ. ಕೆಲವು ದಿನ ಕಳೆದ ಮೇಲೆ ನಾನು ಗೂಡು ಒರೆಸಲು ಡಬ್ಬಿ ಎತ್ತಿದರೆ ಹಗುರಾಗಿತ್ತು. ಅತ್ತೆಗೆ ತೋರಿಸಿದೆ. ಅತ್ತೆ ಡಬ್ಬಿಯೊಳಗೆ ನೋಡಿದರು. ಆಮೇಲೆ ಪಡಸಾಲೆಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ ಮಾವನನ್ನು ನೋಡಿದರು. ಮಾವನ ಕೆನ್ನೆ ತುಂಬಿಕೊಂಡು ಫಳಫಳ ಹೊಳೆಯುತ್ತಿತ್ತು.

“ಇರ್ಲಿ ಬಿಡವಾ,” ಎಂದರು ಅತ್ತೆ. “ಬಾಣಂತಿ ಚೇತರಿಸಿಕೊಂಡಾಳ.”

ತೊಟ್ಟಿಲು

ಇಷ್ಟೆಲ್ಲ ಆದರೂ ಸಾಲು ಮಾತ್ರ ಒಂದಾಗಿರಲಿಲ್ಲ. ವರ್ಷಾ ವರ್ಷ ನಾನು ಎರಡು ಕಡೆ ಬಡಿಸುತ್ತಿದ್ದೆ, ಕೊನೆಗೆ ಒಬ್ಬಳೇ ಉಣ್ಣುತ್ತಿದ್ದೆ. ಆಮೇಲೆ ಒಂದು ವರ್ಷ ಎಲ್ಲ ಕೈತಪ್ಪಿ ಹೋಗುವ ಹಾಗಾಯಿತು.

ನಮ್ಮ ಪಾದ್ರಿ ಅಯ್ಯನವರು ಜಹೀರಾಬಾದಿನಲ್ಲಿ ಇರುತ್ತಿದ್ದರು. ಒಬ್ಬರೇ ಪಾದ್ರಿ, ಊರುಗಳು ಹಲವು. ಕ್ರಿಸ್ಮಸ್ ಆರಾಧನೆ ಮಾಡಿಸುತ್ತ ಒಂದೊಂದೇ ಊರು ಮುಗಿಸಿ ನಾರಾಯಣಖೇಡಕ್ಕೆ ಬರುವ ಹೊತ್ತಿಗೆ ಹೊಸ ವರ್ಷ ದಾಟಿರುತ್ತಿತ್ತು. ಅವರು ಬಂದ ದಿನವೇ ನಮ್ಮ ಮನೆಯಲ್ಲಿ ದೊಡ್ಡ ಊಟ. ಆ ಸಲ ಅವರು ಬರುವ ದಿನ ಗೊತ್ತಾದ ಕೂಡಲೇ ಅತ್ತೆ ಬೆರಳು ಎಣಿಸಿದರು.

“ಸರಿ ಆತು. ಕೂಸು ಹುಟ್ಟಿ ಹದಿಮೂರನೇ ದಿನ. ಅವತ್ತೇ ಕೂಸಿನ ತೊಟ್ಟಿಲು. ತೊಟ್ಟಿಲು ಹಾಕದ ಮನ್ಯಾಗ ಎಷ್ಟಂತ ಉಣ್ಣೋದ್ರಿ? ತೊಟ್ಟಿಲು ಹಾಕಾಕ ಬಿಟ್ರ ನಾನೂ ನಿಮ್ಮ ಸಾಲಿನಾಗ ಕೂಡ್ತೀನಿ.”

ನನಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಮಾವ ತಣ್ಣೀರು ಎರಚಿದರು. ನಮ್ಮ ಕಡೆ ತೊಟ್ಟಿಲ ಶಾಸ್ತ್ರದಲ್ಲಿ ಕೂಸಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ಮಲಗಿಸುತ್ತಾರೆ. ಅದಕ್ಕೆ ಎರೆದು, ತಲೆಗೆ ಕೂಸಿನ ಕುಂಚಿಗೆ ತೊಡಿಸಿ, ಅರಿವೆ ಸುತ್ತಿ, ‘ಗುಂಡಪ್ಪ’ ಎಂದು ಕರೆದು ತೂಗುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಆಮೇಲೆ ಕಲ್ಲು ತೆಗೆದು ಕೂಸನ್ನು ಹಾಕುವುದು. ಇಲ್ಲಿ ಕೂಸೇ ಇಲ್ಲ, ಉಳಿಯುವುದು ಕಲ್ಲೊಂದೇ. “ಕ್ರಿಸ್ತಾನ ಕಂಪೌಂಡರ್ ಕಲ್ಲಿಗೆ ಜೋಗುಳ ಹಾಡ್ಯಾನ ಅಂತ ಜಿಲ್ಲಾ ಎಲ್ಲಾ ನಗಬೇಕೇನು? ನನ್ನ ಮನ್ಯಾಗ ನಡೆಂಗಿಲ್ಲ!” ಎಂದು ಮಾವ ಗುಡುಗಿದರು.

‘ನನ್ನ ಮನಿ’ ಎಂಬ ಮಾತು ಅತ್ತೆಗೆ ನಾಟಿತು. ಕಂಗ್ಟಿಯಲ್ಲಿದ್ದ ಮಗಳಿಗೆ ಹೇಳಿ ಕಳಿಸಿದರು. ನನ್ನ ನಾದಿನಿ ಗಂಡನ ಮನೆಯ ಬಂಡಿ ಕಟ್ಟಿಸಿಕೊಂಡು ಬಂದೇಬಿಟ್ಟಳು. ಅತ್ತೆ ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟರು. “ಪಾದ್ರಿ ಊಟ ಆಗ್ಲಿ, ನಾ ಕಂಗ್ಟಿಗೆ ಹೊಂಟೆ. ಮತ್ತ ಈ ಹೊಸ್ತಿಲಾ ತುಳ್ಯಂಗಿಲ್ಲ.” ನಾನು ಕಾಲು ಹಿಡಿದುಕೊಂಡು ಬೇಡಿಕೊಂಡೆ. ಅತ್ತೆ ನನ್ನ ಗಲ್ಲ ಸವರಿದರು, ಗಂಟು ಮಾತ್ರ ಬಿಚ್ಚಲಿಲ್ಲ.

ಪಾದ್ರಿಗಳು ಬರುವ ದಿನ ಬೆಳಿಗ್ಗೆ ಮಾವನೂ ನಮ್ಮ ಮನೆಯವರೂ ಹೂವಿನ ಹಾರ ಹಿಡಿದು ಮೋಟಾರು ನಿಲ್ಲುವ ಕಡೆ ಹೋದರು. ಅವರು ಓಣಿ ತಿರುಗಿದ್ದೇ ತಡ, ಅತ್ತೆ ಎದ್ದರು. “ಹೋಗೋ ಮುಂದ ಕೂಸಿನ ತೊಟ್ಟಿಲಾದ್ರೂ ಹಾಕಿ ಹೋಗ್ತೀನಿ. ಬಾ, ಗುಂಡುಕಲ್ಲು ತೊಳಿ.” ತೊಳೆದೆ. ಹೋಗುವವರು ಕೇಳಿದ್ದನ್ನು ಇಲ್ಲವೆನ್ನುವುದು ಹೇಗೆ? ಓಣಿಯ ಹೆಂಗಸರೆಲ್ಲ ಬಂದರು. ಒಳಗಿನ ಕತ್ತಲಕೋಣೆಯಲ್ಲಿ ತೊಟ್ಟಿಲು ಕಟ್ಟಿ, ಕುಂಚಿಗೆ ಹಾಕಿದ ಕಲ್ಲನ್ನು ಮಲಗಿಸಿ, ಲೋಬಾನದ ಹೊಗೆ ಹಾಕಿ, ಜೋಗುಳ ಶುರು ಮಾಡಿದೆವು.

ಪಾದ್ರಿ ಅಯ್ಯನವರು ಅವತ್ತು ಮೋಟಾರಿಗೆ ಬರಲಿಲ್ಲ. ಯಾರದೋ ಬಂಡಿ ಹತ್ತಿ ಊರಿನ ಇನ್ನೊಂದು ಮಗ್ಗುಲಿನಿಂದ ಬಂದು ನೇರ ಮನೆಗೇ ನಡೆದುಬಂದರು. ಬಾಗಿಲಲ್ಲೇ ಜೋಗುಳ ಕೇಳಿಸಿತು.

“ಅಲ್ರಿ, ಮನ್ಯಾಗ ಕೂಸು ಹುಟ್ಟ್ಯದ, ನಂಗ ಹೇಳೇ ಇಲ್ಲ!” ಎನ್ನುತ್ತ ಸಂಭ್ರಮದಿಂದ ಕೋಣೆಗೇ ಬಂದರು. ಹೆಂಗಸರೆಲ್ಲ ಗೋಡೆಗೆ ಅಂಟಿಕೊಂಡರು. ಹೊಗೆಗೆ ಕಣ್ಣೀರು ಸುರಿಸುತ್ತ ಅವರು ತೊಟ್ಟಿಲೊಳಗೆ ಕೈಹಾಕಿ, ಆಶೀರ್ವಾದ ಮಾಡಲು ಕುಂಚಿಗೆಯ ಅಡಿಯಲ್ಲಿ ಹಣೆ ಮುಟ್ಟಿದರು. ಮುಟ್ಟಿದವರೇ ಕೈ ಹಿಂದಕ್ಕೆ ತೆಗೆದರು.

“ಅಯ್ಯಯ್ಯೋ! ಕೂಸು ತಣ್ಣಗಾಗ್ಯದಲ್ರಿ!”

“ಅದು ಹುಟ್ಟಿದಾಗಿಂದ ತಣ್ಣಗೇ ಅದರಿ,” ಎಂದರು ಅತ್ತೆ.

“ಅಳಾಕತ್ತಿಲ್ಲ! ಅಲ್ಲಾಡಾಕತ್ತಿಲ್ಲ!”

“ಭಾಳ ಶಾಣ್ಯಾ ಕೂಸ್ರಿ.”

ಪಾದ್ರಿಗಳಿಗೆ ಯಾರ ಮಾತೂ ಕಿವಿಗೆ ಬೀಳುವ ಸ್ಥಿತಿಯಿರಲಿಲ್ಲ. ದೀಕ್ಷಾಸ್ನಾನ ಆಗದೆ ಕೂಸು ಕೈಬಿಟ್ಟು ಹೋಗುತ್ತದೆ ಎಂದು ಆಗಲೇ ತೋಳು ಮೇಲೇರಿಸಿದ್ದರು. “ನೀರು ತರ್ರಿ, ಜಲ್ದಿ!” ಎಂದು ಕೂಗಿದರು. ನಾನು ಹೆದರಿ ನೀರಿನ ತಂಬಿಗೆಯನ್ನೇ ಕೊಟ್ಟೆ. “ಹೆಸರು? ಹೆಸರೇನು ಇಟ್ಟೀರಿ?” ನಾದಿನಿ ಗಾಬರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು: “ಗುಂಡಪ್ಪ!”

“ಗುಂಡಪ್ಪಾ…” ಪಾದ್ರಿಗಳು ಕಣ್ಣು ಮುಚ್ಚಿ, ಮಂತ್ರ ಪೂರಾ ಹೇಳಿ, ಮೂರು ಸಲ ನೀರು ಹಾಕಿದರು. ಆಮೇಲೆ ಎದೆಗೆ ಅಪ್ಪಿಕೊಂಡು ಬೆಚ್ಚಗೆ ಮಾಡಬೇಕೆಂದು ಎರಡೂ ಕೈಯಿಂದ ಎತ್ತಿದರು. ಅರ್ಧಕ್ಕೆ ಎತ್ತಿ ಹಾಗೇ ಬಗ್ಗಿ ನಿಂತುಬಿಟ್ಟರು. ಅವರ ಮುಖ ನೋಡಿ ಅತ್ತೆ ಗದರಿದರು:

“ಹಂಗಲ್ರಿ! ಕುತ್ತಿಗಿ ಹಿಡೀರಿ ಕುತ್ತಿಗಿ!”

ಪಾದ್ರಿ ಅಯ್ಯನವರು ಕುತ್ತಿಗೆ ಹುಡುಕುತ್ತಿದ್ದಾಗಲೇ ಮಾವ ಬಾಡಿದ ಹಾರ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತದ್ದು. ಕುಂಚಿಗೆ ಜಾರಿತು, ಗುಂಡುಕಲ್ಲು ಕಾಣಿಸಿತು. ಆಮೇಲೆ ಯಾರೋ ಒಬ್ಬಾಕೆ ಸೆರಗು ಬಾಯಿಗೆ ತುರುಕಿಕೊಂಡು ಕಿಸಕ್ಕೆಂದಳು. ಮೊದಲು ಬಿದ್ದು ಬಿದ್ದು ನಕ್ಕವರು ಪಾದ್ರಿಗಳೇ. ಕಲ್ಲನ್ನು ಕೆಳಗಿಡಲೂ ಆಗದೆ, ಹಿಡಿಯಲೂ ಆಗದೆ ನಕ್ಕರು.

ನಿಜವಾದ ಪೇಚು ಆಮೇಲೆ ಬಂತು. ಎರಡೂ ಒಲೆಗೆ ಇದ್ದದ್ದು ಅದೊಂದೇ ಗುಂಡುಕಲ್ಲು. ಮಾಂಸದ ಮಸಾಲೆ ಅರೆದಿರಲಿಲ್ಲ, ಹೋಳಿಗೆಯ ಹೂರಣ ರುಬ್ಬಿರಲಿಲ್ಲ. ನಾನು ಕಲ್ಲು ಎತ್ತಿಕೊಳ್ಳಲು ಹೋದೆ.

“ಮುಟ್ಟಬ್ಯಾಡ!” ಎಂದರು ಮಾವ. “ಪವಿತ್ರ ಹೆಸರಿನ ಮ್ಯಾಲ ನೀರು ಬಿದ್ದದ. ಅದರಾಗ ಮೆಣಸಿನಕಾಯಿ ಅರೀತಿಯೇನು?”

“ಮುಟ್ಟಬ್ಯಾಡ!” ಎಂದರು ಅತ್ತೆಯೂ. “ಬ್ಯಾರೆ ಕೂಸು ಇದ್ರ ಹೆಸರು ಅದಕ್ಕ ಹೋಗ್ತಿತ್ತು. ಇವತ್ತು ಹೆಸರು ಇದಕ್ಕೇ ನಿಂತದ. ಹೆಸರಿಟ್ಟ ಕೂಸಿನ ಮೈಗೆ ಖಾರ ಮೆತ್ತತಾರೇನು?”

ನನ್ನ ಮದುವೆಯಾದಾಗಿನಿಂದ ಅವರಿಬ್ಬರೂ ಧರ್ಮದ ವಿಷಯದಲ್ಲಿ ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನೆರೆಮನೆಯ ಗುಂಡು ತಂದರೆ ಅದು ನಮ್ಮ ಒರಳಿನಲ್ಲಿ ಕೂಡಲಿಲ್ಲ. ಮಾಂಸವನ್ನು ಪಕ್ಕದ ಮನೆಯ ಬೀಬಿಗೆ ಕೊಟ್ಟು ಕಳಿಸಿದೆವು. ಅದು ಹೊಸ್ತಿಲು ದಾಟಿದಾಗ ಮಾವನ ಮುಖದಲ್ಲಿ ಕಂಡ ನೆಮ್ಮದಿಯನ್ನು ನೋಡಿ, ಇಷ್ಟು ವರ್ಷ ಅವರು ಅದನ್ನು ಹೇಗೆ ನುಂಗುತ್ತಿದ್ದರೆಂದು ನನಗೆ ಕನಿಕರವಾಯಿತು.

ಉಳಿದದ್ದು ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು, ಮೊದಲೇ ಕುಟ್ಟಿಟ್ಟಿದ್ದ ಶೇಂಗಾ ಹಿಂಡಿ. ಯಾರಿಗೂ ಬೇಡವೆನ್ನಲು ಕಾರಣವಿರಲಿಲ್ಲ. ಪಡಸಾಲೆಯಲ್ಲಿ ಒಂದೇ ಚಾಪೆ ಹಾಸಿದೆ. ಪಾದ್ರಿಗಳು, ಮಾವ, ನಮ್ಮ ಮನೆಯವರು, ನಾದಿನಿ, ಅತ್ತೆ. ಅತ್ತೆ ಪಕ್ಕದಲ್ಲಿ ಜಾಗ ಮಾಡಿ, “ನೀನೂ ಕೂಡವಾ, ನಡುವ ರೊಟ್ಟಿ ಇಡು, ಕೈ ಇದ್ದವರು ತಗೋತಾರ,” ಎಂದರು. ನಾನು ತಾಟು ಹಾಕಿಕೊಂಡು ಕೂತೆ. ಪುಂಡಿಪಲ್ಯದ ಹುಳಿಗೆ ಕಣ್ಣಲ್ಲಿ ನೀರು ಬಂತೆಂದು ಎಲ್ಲರಿಗೂ ಹೇಳಿದೆ.

ಊಟ ಮುಗಿಯಿತು. ಹೊರಗೆ ಬಂಡಿಯವನು ಎತ್ತು ಹೂಡಿದ. ನಾದಿನಿ ಸೀರೆಯ ಗಂಟು ಎತ್ತಿಕೊಂಡು, “ನಡಿಯವ್ವ, ಹೊತ್ತಾತು,” ಎಂದಳು. ಮಾವ ಕಂಬ ನೋಡುತ್ತ ನಿಂತರು. ಆದರೆ ನಿಂತದ್ದು ಬಾಗಿಲಿಗೆ ಅಡ್ಡವಾಗಿಯೇ.

ಅತ್ತೆ ಗಂಟನ್ನು ಮಗಳ ಕೈಯಿಂದ ಕಸಿದುಕೊಂಡು ಒಳಗೆ ಎಸೆದರು.

“ನಿಂಗ ಬುದ್ಧಿ ಅದ ಏನ? ಹಸಿಕೂಸು ಮನ್ಯಾಗ ಇಟ್ಟುಕೊಂಡು ಹೆಂಗ ಬರ್ಲಿ? ಇವರ ಕೈಯಾಗ ಬಿಟ್ಟು ಬರ್ಲೇನು? ಇಂಥ ಚಳಿಯಾಗ ಕೂಸಿನ ನೆತ್ತಿಗೆ ತಣ್ಣೀರು ಸುರಿಯೋ ಮಂದಿ!”